ಅತ್ತೆ ಬೇರೆ ಇಟ್ಟ ಲೋಟ

ನನ್ನ ಸೋದರಮಾವ ಇಳಕಲ್ಲಿನಲ್ಲಿ ಸೀರೆ ನೇಯುತ್ತಾರೆ. ಹೋದ ವರ್ಷ ಅವರ ಎಡಗಿವಿ ಮುಚ್ಚಿದಂತಾಯಿತು. ಮಗ್ಗದ ಸದ್ದಿಗೆ ಹೀಗಾಗಿದೆ ಅಂದುಕೊಂಡೆವು. ಒಬ್ಬ ಡಾಕ್ಟರು ಐದು ತಿಂಗಳು ಬರೀ ಕಿವಿಗೆ ಹನಿ ಬರೆದುಕೊಟ್ಟರು. ಕುತ್ತಿಗೆಯಲ್ಲಿ ಗಂಟು ಎದ್ದ ಮೇಲೆ ಬೇರೊಬ್ಬರು ಮೂಗಿನೊಳಗೆ ಕ್ಯಾಮೆರಾ ಬಿಟ್ಟು ನೋಡಿದರು. ಮೂಗಿನ ಹಿಂದೆ, ಗಂಟಲ ಮೇಲ್ಭಾಗದಲ್ಲಿ ಕ್ಯಾನ್ಸರ್. ಕಿವಿ ಮುಚ್ಚಿದ್ದೂ ಅದರಿಂದಲೇ. ಆ ಐದು ತಿಂಗಳು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಾನು ಬಾಗಲಕೋಟೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಮಾವನ ರಕ್ತ ನಾನೇ ತೆಗೆದೆ. ದಿನಾ ಮಾಡುವ ಕೆಲಸ, ಆದರೂ ಅವತ್ತು ಎರಡು ಸಲ ಚುಚ್ಚಬೇಕಾಯಿತು. ರಿಪೋರ್ಟಿನಲ್ಲಿ ಬಂದದ್ದು: ಎಪ್‌ಸ್ಟೀನ್-ಬಾರ್ ವೈರಸ್ಸಿನ ಡಿಎನ್ಎ ಇದೆ, ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ (ರಕ್ತಕಣ ಬೇರೆ ಮಾಡಿದ ಮೇಲೆ ಉಳಿಯುವ ತಿಳಿಯಲ್ಲಿ) ಸಾವಿರದ ಲೆಕ್ಕದಲ್ಲಿ ಅದರ ಕಾಪಿ. ಅತ್ತೆಯ ಕಿವಿಗೆ ಬಿದ್ದದ್ದು 'ವೈರಸ್' ಅನ್ನೋ ಒಂದೇ ಮಾತು. ಮುಂದಿನ ವಾರ ಹೋದಾಗ ಮಾವನ ಲೋಟ, ತಾಟು ಕಿಟಕಿಯಲ್ಲಿ ಬೇರೆ ಇದ್ದವು. ಮಾವ ಕಟ್ಟೆಯ ಮೇಲೆ ಒಬ್ಬರೇ ಚಹಾ ಕುಡಿಯುತ್ತಿದ್ದರು.

ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ಈ ವೈರಸ್ ಎಂಜಲಿನಿಂದ ಹರಡುತ್ತದೆ, ನಿಜ. ಆದರೆ ಜಗತ್ತಿನ ನೂರು ಜನ ದೊಡ್ಡವರಲ್ಲಿ ತೊಂಬತ್ತಕ್ಕೂ ಜಾಸ್ತಿ ಮಂದಿಗೆ ಯಾವಾಗಲೋ ಬಂದುಹೋಗಿ ಒಳಗೇ ಸುಮ್ನೆ ಕೂತಿರುತ್ತದೆ. ನಿಮ್ಮಲ್ಲೂ ನನ್ನಲ್ಲೂ ಇರಬಹುದು. ಕೆಲವೇ ಕೆಲವರಲ್ಲಿ ಮಾತ್ರ ಅದು ಗಡ್ಡೆಯ ಜೀವಕೋಶಗಳ ಒಳಗೆ ಸೇರಿರುತ್ತದೆ. ಆ ಜೀವಕೋಶ ಸತ್ತಾಗ ವೈರಸ್ಸಿನ ಡಿಎನ್ಎ ಚೂರುಚೂರಾಗಿ ರಕ್ತಕ್ಕೆ ಬೀಳುತ್ತದೆ. ಟೆಸ್ಟಿನಲ್ಲಿ ಕಾಣುವುದು ಹೆಚ್ಚಾಗಿ ಆ ಚೂರುಗಳೇ. ಅವು ಯಾರಿಗೂ ಅಂಟುವುದಿಲ್ಲ.

ಅತ್ತೆಗಿಂತ ಮೊದಲು ಮಾವನಿಗೆ ಹೊಳೆಯಿತು. "ಅಂದ್ರ ಮಗ್ಗದ ಕೆಳಗ ಬಿದ್ದ ಎಳಿ ಇದ್ದಂಗ. ಕೆಂಪು ಎಳಿ ಬಿದ್ದಿದ್ರ ಮ್ಯಾಲ ಸೆರಗು ನಡದೈತಿ ಅಂತ ತಿಳೀತೈತಿ" ಅಂದರು. ಇಷ್ಟು ವರ್ಷ ಲ್ಯಾಬಿನಲ್ಲಿದ್ದೂ ನನಗೆ ಹೀಗೆ ಹೇಳಲು ಬಂದಿರಲಿಲ್ಲ.

ಈ ಚೂರುಗಳ ಆಯಸ್ಸು ಕಡಿಮೆ. ಕೆಲವು ತಾಸುಗಳಲ್ಲೇ ದೇಹ ಅವನ್ನು ತೆಗೆದುಹಾಕುತ್ತದೆ. ಹಾಗಾಗಿಯೇ ಇವತ್ತಿನ ಅಂಕಿ ಇವತ್ತಿನ ಗಡ್ಡೆಯ ಸುದ್ದಿ ಹೇಳುತ್ತದೆ. ರೇಡಿಯೇಷನ್ ಮುಗಿದು ವಾರಗಳಾದರೂ ಅಂಕಿ ಇಳಿಯದಿದ್ದರೆ ಡಾಕ್ಟರಿಗೆ ಚಿಂತೆ. ಹಾಂಗ್‌ಕಾಂಗಿನಲ್ಲಿ ವಿಜ್ಞಾನಿ ಡೆನಿಸ್ ಲೋ ಅವರ ತಂಡ ಯಾವ ತೊಂದರೆಯೂ ಇಲ್ಲದ 20,174 ಗಂಡಸರ ರಕ್ತ ನೋಡಿ, 34 ಜನರಲ್ಲಿ ಈ ಕ್ಯಾನ್ಸರ್ ಹಿಡಿಯಿತು. ಹೆಚ್ಚಿನವರದು ಶುರುವಿನ ಹಂತದಲ್ಲೇ ಇತ್ತು. 2017ರಲ್ಲಿ ಪ್ರಕಟವಾದ ಕೆಲಸ ಇದು. ಅದನ್ನು ಓದುವಾಗ ಮಾವನ ಕಿವಿಯ ಹನಿಯೇ ನೆನಪಾಯಿತು. ಅಲ್ಲಿ ಈ ರೋಗ ಜಾಸ್ತಿ, ನಮ್ಮ ಕಡೆ ಅಪರೂಪ. ಎಲ್ಲರಿಗೂ ಈ ಟೆಸ್ಟ್ ಮಾಡಿಸಿ ಅಂತ ನಾನು ಹೇಳುವುದಿಲ್ಲ. ಆದರೆ ಒಂದೇ ಕಿವಿ ತಿಂಗಳುಗಟ್ಟಲೆ ಮುಚ್ಚಿದ್ದರೆ ಮೂಗಿನ ಹಿಂದೆಯೂ ನೋಡಿಸಿ.

ರೇಡಿಯೇಷನ್ ಮುಗಿದು ಎರಡು ತಿಂಗಳಾಯಿತು. ಮೊನ್ನೆ ಮತ್ತೆ ರಕ್ತ ತೆಗೆದೆ, ಈ ಸಲ ಒಂದೇ ಚುಚ್ಚಿಗೆ ಸಿಕ್ಕಿತು. ತಡ ಮಾಡಿದರೆ ಬಿಳಿ ರಕ್ತಕಣಗಳು ಒಡೆದು ಅವುಗಳ ಡಿಎನ್ಎಯೂ ಬೆರೆಯುತ್ತದೆ. ಅದಕ್ಕೇ ಕೂಡಲೇ ಯಂತ್ರದಲ್ಲಿ ಜೋರಾಗಿ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡಿ, ಐಸಿನಲ್ಲಿಟ್ಟು ಬೆಂಗಳೂರಿಗೆ ಕಳಿಸಿದೆ. ಹೊರಗೆ ಬೆಂಚಿನ ಮೇಲೆ ಅತ್ತೆ ಥರ್ಮಾಸ್ ತೆಗೆದರು. ತಂದದ್ದು ಒಂದೇ ಲೋಟ. ಮೊದಲು ಮಾವ ಕುಡಿದರು, ಆಮೇಲೆ ಅದರಲ್ಲೇ ಅವರು.