ವಾಡೆಯ ಮುಂದೆ ಸಿಕ್ಕ ಅಜ್ಜಿ

ಜಾನಪದ ಲೋಕ ಮ್ಯೂಸಿಯಂಗೆ ಹೊರಟವರು ದಯವಿಟ್ಟು ಹಳೇ ಮೈಸೂರು ರಸ್ತೆಯಲ್ಲೇ ಹೋಗಿ. ನಮ್ಮ ಕ್ಯಾಬ್ ಡ್ರೈವರ್ ಎಕ್ಸ್‌ಪ್ರೆಸ್‌ವೇ ಬಿಟ್ಟು ಇಳಿಯಲೇ ಇಲ್ಲ. ರಾಮನಗರ, ಚನ್ನಪಟ್ಟಣ ಎರಡೂ ಬೈಪಾಸಿನಲ್ಲೇ ಕಳೆದುಹೋದವು, ಸುತ್ತಿ ಬಳಸಿ ವಾಪಸ್ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. "ಮ್ಯಾಪ್ ತೋರಿಸಿದ ಹಾಗೆ ಬಂದೆ ಸಾರ್" ಅಂದ. ಈಗಲೂ ಸಿಟ್ಟು ಬರುತ್ತೆ.

ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಹತ್ತಿರ ಕಟ್ಟಿದ ಜಾಗ ಇದು. ಲೋಕಮಹಲ್‌ನಲ್ಲಿ ತೊಗಲುಗೊಂಬೆ, ಯಕ್ಷಗಾನದ ವೇಷ, ಸೋಮನ ಕುಣಿತದ ಮುಖವಾಡ ಎಲ್ಲ ಇವೆ. ಚೆನ್ನಾಗಿವೆ, ಆದರೆ ಸೆಲ್ಫಿಯವರ ಮಧ್ಯೆ ನಿಂತು ನೋಡೋದು ನನ್ನ ಕೈಲಾಗದ ಕೆಲಸ. ನನಗೆ ಹಿಡಿಸಿದ್ದು ಲೋಕಮಾತಾ ಮಂದಿರ. ಒರಳು, ಒನಕೆ, ಬೀಸೋಕಲ್ಲು, ಸೇರು, ಪಾವು, ಮನೆಯೊಳಗಿನ ಸಾಮಾನು.

ಕಾಳು ತುಂಬುವ ಮಣ್ಣಿನ ವಾಡೆಯ ಮುಂದೆ ಸುಮ್ನೆ ನಿಂತಿದ್ದೆ. ಮಂಡ್ಯ ಕಡೆಯ ಅಜ್ಜಿಯೊಬ್ಬರು ಪಕ್ಕಕ್ಕೆ ಬಂದು, ಬಗ್ಗಿ, ಅದರ ಬುಡ ನೋಡಿದರು.

"ಇಲ್ಲೊಂದು ತೂತು ಇರ್ತದೆ ಕಣಪ್ಪ. ಬಟ್ಟೆ ಗಿಡಿದಿರ್ತೀವಿ. ಕಿತ್ತು ಮೊರ ಹಿಡಿದ್ರೆ ರಾಗಿ ಸುರ್ ಅಂತ ಬೀಳ್ತದೆ."

ಹೊಸ ರಾಗಿ ಮೇಲಿಂದ ಸುರಿಯೋದು, ಹಳೇದು ಕೆಳಗಿಂದ ಮೊದಲು ಖಾಲಿಯಾಗೋದು. ಎಷ್ಟು ಸರಳ ಅಲ್ವಾ?

"ಜಾಸ್ತಿ ಬೆಳೆದ್ರೆ ಏನ್ ಮಾಡ್ತಿದ್ರಿ ಅಜ್ಜಿ?" ಅಂದೆ. ಅಲ್ಲಿಂದ ಶುರುವಾಯಿತು ನೋಡಿ ಹಗೇವಿನ ಕಥೆ. ನೆಲದಲ್ಲಿ ಆಳವಾಗಿ ತೋಡಿದ ಗುಂಡಿ, ಬಾಯಿ ಒಬ್ಬ ಇಳಿಯುವಷ್ಟೇ, ಒಳಗೆ ಅಗಲ. ಸುತ್ತ ಹುಲ್ಲು ಹಾಸಿ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡೋಲ್ಲ. ಒಳಗಿನ ಆಮ್ಲಜನಕವನ್ನು ಕಾಳು, ಹುಳ ಎಲ್ಲ ಉಸಿರಾಡಿ ಮುಗಿಸುತ್ತವೆ, ಆಮೇಲೆ ಹುಳ ಬದುಕೋಲ್ಲ. ಆದರೆ ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತೆ.

"ತೆಗೆದ ತಕ್ಷಣ ಯಾರೂ ಇಳೀಬಾರ್ದು. ಮೊದಲು ದೀಪ ಇಳಿಬಿಡ್ಬೇಕು. ಆರೋಯ್ತಾ, ಇನ್ನೂ ಕಾಯ್ಬೇಕು. ನಮ್ಮೂರಲ್ಲೊಬ್ಬ ಅವಸರ ಮಾಡಿ ಇಳಿದ..." ಅಂತ ಅಲ್ಲಿಗೇ ನಿಲ್ಲಿಸಿಬಿಟ್ಟರು.

ಮೊಮ್ಮಗ ಬಂದು ಕೈ ಹಿಡಿದು ಎಳೆದ. "ಬಂದೆ ಇರೋ" ಅಂತ ಗದರಿ, ಹೋಗುವ ಮುಂಚೆ ಬೀಸೋಕಲ್ಲಿನ ಗೂಟ ಅಲ್ಲಾಡಿಸಿ ನೋಡಿ, "ಸಡಿಲ ಆಗದೆ" ಅಂದರು.

ಮಿಕ್ಕಿದ್ದೆಲ್ಲ ಓಡೋಡಿ ನೋಡಿದೆ. ಊಟಕ್ಕೆ ಪಕ್ಕದ ಹೋಟೆಲಿನಲ್ಲಿ ಗೆಳೆಯ ಜೋಳದ ರೊಟ್ಟಿ ಹೇಳಿದ. ಅಷ್ಟೊತ್ತು ರಾಗಿ ಮಾತು ಕೇಳಿ ಬಂದ ನನಗೆ ಮುದ್ದೆಯೇ ಬೇಕಿತ್ತು.