ಕರೆಂಟ್ ಹೋಗಿದೆ ಅಂತ ಪಲ್ಪರ್‌ಗೆ ಕೈ ಹಾಕಬೇಡಿ

ಅಮೆರಿಕದ ಓಹಿಯೋದಲ್ಲಿ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ. ಇಲ್ಲಿ ಮೆಷಿನ್ ರಿಪೇರಿ ಅಂದರೆ ಮೊದಲು ಕೈಗೆ ಬರುವುದು ಸ್ಪ್ಯಾನರ್ ಅಲ್ಲ, ಬೀಗ. ಮೇನ್ ಸ್ವಿಚ್ ಆಫ್ ಮಾಡಿ, ಕೆಲಸಕ್ಕೆ ಇಳಿಯುವ ಪ್ರತಿಯೊಬ್ಬರೂ ಅದಕ್ಕೆ ತಮ್ಮ ತಮ್ಮ ಬೀಗ ಹಾಕಬೇಕು. ಐದು ಜನ ಇದ್ದರೆ ಐದು ಬೀಗ. ಕೀಲಿ ಅವರವರ ಜೇಬಿನಲ್ಲೇ. ಕೊನೆಯವರು ಬೀಗ ತೆಗೆಯುವವರೆಗೆ ಮೆಷಿನ್ ಚಾಲೂ ಆಗುವಂತಿಲ್ಲ. ಇದಕ್ಕೆ ಲಾಕ್‌ಔಟ್ ಅನ್ನುತ್ತಾರೆ. 1989ರಲ್ಲಿ ಸರ್ಕಾರವೇ ಹೊರಡಿಸಿದ ನಿಯಮ. ಬೀಗ ಹಾಕಿದ ಮೇಲೂ ಸ್ಟಾರ್ಟ್ ಬಟನ್ ಒತ್ತಿ ನೋಡುತ್ತೇವೆ, ಸರಿಯಾದ ಸ್ವಿಚ್ಚೇ ಆಫ್ ಆಗಿದೆಯಾ ಅಂತ.

ಆಗೆಲ್ಲ ನಮ್ಮ ಕೊಡಗಿನ ಪಲ್ಪರ್ ಶೆಡ್ಡುಗಳು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮೆಷಿನ್ ಇರುವ ಶೆಡ್ಡುಗಳು, ಕಣ್ಣ ಮುಂದೆ ಬರುತ್ತವೆ. ಕೊಯ್ಲಿನ ಕಾಲ. ಸಂಜೆ ಹಣ್ಣಿನ ಮೂಟೆ ಬಂದು ಬಿದ್ದಿರುತ್ತವೆ, ಅವತ್ತೇ ಪಲ್ಪ್ ಆಗಬೇಕು. ಒಳಗೆ ಕಲ್ಲೋ ಕಡ್ಡಿಯೋ ಸಿಕ್ಕಿಕೊಳ್ಳುತ್ತದೆ. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. "ಹೇಗೂ ಕರೆಂಟಿಲ್ಲ, ಈಗಲೇ ತೆಗೆದುಬಿಡೋಣ" ಅಂತ ಕೈ ಒಳಗೆ ಹೋಗುತ್ತದೆ. ಕರೆಂಟ್ ಏನು ಹೇಳಿ ಬರುತ್ತದಾ?

ಸರಿಯಾದ ಸ್ಟಾರ್ಟರ್ ಇದ್ದರೆ ಕರೆಂಟ್ ಹೋದಾಗ ಅದೇ ಆಫ್ ಆಗುತ್ತದೆ, ಮತ್ತೆ ಬಟನ್ ಒತ್ತದೆ ಮೋಟಾರ್ ತಿರುಗುವುದಿಲ್ಲ. ಬರೀ ಸ್ವಿಚ್ಚಿನ ಮೇಲೆ ಓಡುವ ಮೋಟಾರ್ ಹಾಗಲ್ಲ. ಪಂಪ್‌ಸೆಟ್ಟಿಗೆ ಹಾಕುವಂಥ ಆಟೋ ಸ್ಟಾರ್ಟರ್ ಇದ್ದರೂ ಅಷ್ಟೇ. ಕರೆಂಟ್ ಬಂತೋ, ಮೆಷಿನ್ ತಾನಾಗಿ ಹೊರಡುತ್ತದೆ. ನಿಮ್ಮ ಶೆಡ್ಡಿನಲ್ಲಿರುವುದು ಯಾವುದು ಅಂತ ಇವತ್ತೇ ಎಲೆಕ್ಟ್ರಿಷಿಯನ್ನನ್ನು ಕೇಳಿ.

ಬೆಲ್ಟ್ ಪುಲ್ಲಿಯನ್ನು ಸೇರುವ ಜಾಗವನ್ನೂ ನೋಡಿಕೊಳ್ಳಿ, ಬೆರಳನ್ನು ಒಳಗೆ ಎಳೆದುಕೊಳ್ಳುವುದು ಅಲ್ಲೇ. ಟ್ರ್ಯಾಕ್ಟರಿನ ಎಂಜಿನ್ನಿನಿಂದ ಬೇರೆ ಮೆಷಿನ್ ಓಡಿಸುವ ಪಿಟಿಒ ಶಾಫ್ಟ್ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಸೆರಗಿನ ತುದಿಯೋ ಹೆಗಲ ಟವೆಲ್ಲೋ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಗ್ಲೌಸ್ ಹಾಕಿದರೆ ಕ್ಷೇಮ ಅಂತ ಬಹಳ ಜನ ನಂಬಿದ್ದಾರೆ. ತಿರುಗುವ ಶಾಫ್ಟಿನ ಹತ್ತಿರ ಗ್ಲೌಸಿನಿಂದಲೇ ಅಪಾಯ ಜಾಸ್ತಿ, ಬಟ್ಟೆ ಸಿಕ್ಕಿದರೆ ಕೈಯೂ ಹೋಗುತ್ತದೆ.

ತಿರುಗುವ ಭಾಗಗಳಿಗೆ ಕೈ ತಾಗದಂತೆ ತಡೆ ಇರಬೇಕು ಅಂತ ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲೂ ಇತ್ತು. ಆದರೆ ಮನೆ ಹಿಂದಿನ ಶೆಡ್ಡು ಸಾಮಾನ್ಯವಾಗಿ ಕಾರ್ಖಾನೆ ಅನ್ನಿಸಿಕೊಳ್ಳುವುದಿಲ್ಲ. ಅಲ್ಲಿನ ಕೆಲಸದವರ ಕೈ ಕಾಯುವುದು ನಮ್ಮ ಜವಾಬ್ದಾರಿ, ಅಲ್ವಾ?

ಬೀಗ ಹಾಕಲು ತೂತಿರುವ ಮೇನ್ ಸ್ವಿಚ್ ಸಿಗುತ್ತದೆ, ಹಾಕಿಸಿಕೊಳ್ಳಿ. ಅಲ್ಲಿಯವರೆಗೆ ಮೇನ್ ಆಫ್ ಮಾಡಿ, ಚಕ್ರ ಪೂರ್ತಿ ನಿಂತ ಮೇಲೆ ಪುಲ್ಲಿಯಿಂದ ಬೆಲ್ಟ್ ಕಳಚಿಡಿ. ಆಮೇಲೆ ಕಲ್ಲು ತೆಗೆಯಿರಿ.