ಮಧ್ಯಾಹ್ನ ಮೂರರಿಂದ ಐದು

ಮೂಳೆ ಮುರಿದು ಮನೆಯಲ್ಲಿ ಮಲಗಿದವರಿಗೆ ಬೆಳಗಿನ ಹೊತ್ತು ಹೇಗೋ ಕಳೆದುಹೋಗುತ್ತದೆ. ಹಲ್ಲುಜ್ಜಬೇಕು, ಮೈ ಒರೆಸಿಕೊಳ್ಳಬೇಕು, ವಾಕರ್ ಹಿಡಿದು ಒಂಟಿಕಾಲಲ್ಲಿ ಬಚ್ಚಲಿಗೆ ಹೋಗಿ ಬರಬೇಕು. ಇಷ್ಟು ಮುಗಿಸಿ ಮತ್ತೆ ದಿಂಬಿಗೆ ಒರಗುವಷ್ಟರಲ್ಲಿ ಸುಸ್ತಾಗಿರುತ್ತದೆ. ನಿಜವಾದ ಕಷ್ಟ ಮಧ್ಯಾಹ್ನ ಮೂರರಿಂದ ಐದರವರೆಗೆ. ಊಟ ಮುಗಿದಿರುತ್ತದೆ, ಮನೆಯವರು ಅವರವರ ಕೆಲಸಕ್ಕೆ ಹೋಗಿರುತ್ತಾರೆ. ನಿದ್ದೆ ಮಾಡೋಣವೆಂದರೆ ರಾತ್ರಿಯ ನಿದ್ದೆ ಹೋಗುತ್ತದೆ. ಆ ಎರಡು ಗಂಟೆ ಮುಂದಕ್ಕೇ ಹೋಗುವುದಿಲ್ಲ.

ಮೆಟ್ಟಿಲಿಳಿಯುವಾಗ ಕಾಲು ಹೊರಳಿ ನನ್ನ ಬಲಗಾಲಿನ ಹರಡಿನ ಹೊರಮಗ್ಗುಲ ಮೂಳೆ ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಹಾಕಿದ ವೈದ್ಯರು, ಸುಮಾರು ಆರು ವಾರ ಪಾದ ಊರುವಂತಿಲ್ಲ, ಕಾಲನ್ನು ಎದೆಮಟ್ಟಕ್ಕಿಂತ ಮೇಲಿಟ್ಟುಕೊಂಡು ಮಲಗಿ, ಬೆರಳುಗಳನ್ನು ಆಗಾಗ ಆಡಿಸುತ್ತಿರಿ ಎಂದು ಹೇಳಿ ಕಳಿಸಿದರು. ಬೆರಳು ಮರಗಟ್ಟಿದರೆ, ನೀಲಿಯಾದರೆ, ಮೀನಖಂಡದಲ್ಲಿ ನೋವು ಬಂದರೆ ತಡಮಾಡದೆ ಬರಬೇಕೆಂದೂ ಎಚ್ಚರಿಸಿದರು. ದಿನ ಕಳೆಯುವುದು ಹೇಗೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಮೊದಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಫೋನ್ ನೋಡಿದೆ. ಅದರಲ್ಲಿ ಹೊತ್ತೇನೋ ಹೋಗುತ್ತಿತ್ತು, ಆದರೆ ಸಂಜೆ ಅಮ್ಮ ‘ಏನ್ ಮಾಡ್ದೆ ಇಷ್ಟೊತ್ತೂ?’ ಎಂದು ಕೇಳಿದರೆ ಹೇಳಲು ಒಂದು ಸಂಗತಿಯೂ ಇರುತ್ತಿರಲಿಲ್ಲ. ಪುಸ್ತಕ ಹಿಡಿದೆ. ಅಂಗಾತ ಮಲಗಿ ಓದಿದರೆ ಕೈ ಸೋಲುತ್ತದೆ, ಒರಗಿ ಕೂತರೆ ಬೆನ್ನು ಕೇಳುವುದಿಲ್ಲ.

ನೋಡಲು ಬಂದವರಲ್ಲಿ ಹಲವರು ‘ಒಳ್ಳೇ ಬಿಡುವು ಸಿಕ್ಕಿದೆ, ಏನಾದರೂ ಕಲಿಯಿರಿ’ ಎಂದರು. ಗೆಳೆಯನೊಬ್ಬ ಮೆಕ್ಸಿಕೋದ ಕಲಾವಿದೆ ಫ್ರಿಡಾ ಕಾಹ್ಲೊ ವಿಷಯ ಎತ್ತಿದ. 1925ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಬಸ್ ಅಪಘಾತವಾಗಿ ಬೆನ್ನುಮೂಳೆ ಮುರಿದು ಅವರು ತಿಂಗಳುಗಟ್ಟಲೆ ಮಲಗಿದ್ದರು. ಹಾಸಿಗೆಯ ಮೇಲುಗಡೆ ಕನ್ನಡಿ ಹಾಕಿಸಿಕೊಂಡು ತಮ್ಮ ಮುಖವನ್ನೇ ಬಿಡಿಸುತ್ತ ಕಲಾವಿದೆಯಾದರು. ದೊಡ್ಡ ಬದುಕು, ಅನುಮಾನವಿಲ್ಲ. ಆದರೆ ನೋವಿನಲ್ಲಿ ಮಲಗಿದವರಿಗೆ ಆ ಕಥೆ ಹೇಳುವುದನ್ನು ನಾನು ಒಪ್ಪುವುದಿಲ್ಲ. ಒಳಗೆ ದೇಹ ದುಡಿಯುತ್ತಲೇ ಇರುತ್ತದೆ. ಮುರಿದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಮೃದ್ವಸ್ಥಿಯಂಥ ಮೆತ್ತನೆಯ ಬೆಸುಗೆ ಬೆಳೆಯುತ್ತದೆ. ವಾರಗಳು ಕಳೆದಂತೆ ಅದಕ್ಕೆ ಕ್ಯಾಲ್ಸಿಯಂ ತುಂಬಿ ಗಟ್ಟಿ ಮೂಳೆಯಾಗುತ್ತದೆ. ಆ ಗಂಟು ಸವೆದು ಮೂಳೆ ಮೊದಲಿನ ಆಕಾರಕ್ಕೆ ಬರಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಇಷ್ಟೆಲ್ಲ ನಡೆಯುತ್ತಿರುವಾಗ ಮಲಗಿದವರು ಇನ್ನೇನನ್ನೂ ಸಾಧಿಸಿ ತೋರಿಸಬೇಕಿಲ್ಲ. ಅವರಿಗೆ ಬೇಕಿರುವುದು ಆ ಭಾರದ ಹೊತ್ತಿಗೊಂದು ಸಣ್ಣ ಕೆಲಸ, ಸಾಧ್ಯವಾದರೆ ಜೊತೆಗೊಬ್ಬರು.

ನನಗೆ ಎರಡೂ ಸಿಕ್ಕಿದ್ದು ಕಿಟಕಿಯಿಂದ. ಅಕ್ಕ ಮೊದಲ ವಾರವೇ ನನ್ನ ಮಂಚವನ್ನು ಪಶ್ಚಿಮದ ಕಿಟಕಿಯ ಪಕ್ಕಕ್ಕೆ ಎಳೆಸಿದ್ದಳು, ಹೊರಗಿನ ಮರ ಕಾಣಲಿ ಎಂದು. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಅವಳು ಎಲ್ಲೋ ಓದಿದ್ದಳು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಮಂದಿಯಲ್ಲಿ ಅರ್ಧದಷ್ಟು ಜನರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು. ಮರದಿಂದ ನನ್ನ ಮೂಳೆ ಬೇಗ ಕೂಡಿತೋ ಇಲ್ಲವೋ, ಬೆಳಿಗ್ಗೆ ಕಣ್ಣು ಬಿಟ್ಟೊಡನೆ ಹಸಿರು ಕಂಡರೆ ಮನಸ್ಸಿಗೆ ಹಿತವಾಗುತ್ತಿದ್ದುದಂತೂ ನಿಜ.

ಮಧ್ಯಾಹ್ನದ ಬಿಸಿಲು ಮಾತ್ರ ನೇರ ಕಣ್ಣಿಗೆ ಹೊಡೆಯುತ್ತಿತ್ತು. ಅದಕ್ಕೆ ಊಟವಾದ ಮೇಲೆ ಕಿಟಕಿಗೆ ಒಂದು ರಟ್ಟು ಅಡ್ಡ ನಿಲ್ಲಿಸುತ್ತಿದ್ದರು. ರಟ್ಟಿನ ಮೇಲಂಚಿನಲ್ಲೊಂದು ಹರಿದ ತೂತು. ಅಕ್ಕನ ಮಗಳು ಆರನೇ ತರಗತಿ. ಒಂದು ದಿನ ಶಾಲೆಯಿಂದ ಬಂದವಳೇ ಎದುರು ಗೋಡೆ ನೋಡುತ್ತ ನಿಂತಳು.

‘ಮಾವಾ, ತೂತು ಅಡ್ಡಾದಿಡ್ಡಿ ಇದೆ. ಬೆಳಕು ಮಾತ್ರ ಗುಂಡಗೆ ಬಿದ್ದಿದೆ, ಯಾಕೆ?’

ಗೋಡೆಯ ಮೇಲಿದ್ದದ್ದು ತೂತಿನ ಆಕಾರವಲ್ಲ, ಸೂರ್ಯನ ಬಿಂಬ ಎಂದೆ. ಅವಳು ನಂಬಲಿಲ್ಲ. ಇನ್ನೊಂದು ರಟ್ಟು ತಂದು ಸಣ್ಣ ತ್ರಿಕೋನ ಕೊರೆದಳು, ಆಗಲೂ ಗುಂಡಗೆ ಬಿತ್ತು. ಚೌಕ ಕೊರೆದಳು, ಮತ್ತೂ ಗುಂಡಗೆ. ತೂತಿಗೆ ಕಣ್ಣಿಟ್ಟು ಸೂರ್ಯನನ್ನು ನೋಡಕೂಡದು, ಗೋಡೆಯನ್ನಷ್ಟೇ ನೋಡಬೇಕು ಎಂದು ಮೊದಲೇ ಮಾತು ತೆಗೆದುಕೊಂಡಿದ್ದೆ. ಬಿಂಬದ ಅಗಲ ತೂತಿನಿಂದ ಗೋಡೆಗಿರುವ ದೂರದ ಸುಮಾರು 108ನೇ ಒಂದು ಪಾಲು ಇರುತ್ತದೆ. ನಮ್ಮ ಕೋಣೆಯಲ್ಲಿ ಅದು ಮೂರು ಮೀಟರ್ ಚಿಲ್ಲರೆ, ಬಿಂಬ ಮೂರು ಸೆಂಟಿಮೀಟರ್ ಸುಮಾರು. ಅವಳು ಸ್ಕೇಲ್ ಹಿಡಿದು ಅಳೆದೇ ಒಪ್ಪಿದಳು.

ಅಲ್ಲಿಂದ ಮುಂದೆ ಮೂರರಿಂದ ಐದರ ಹೊತ್ತಿಗೆ ಒಂದು ಗತಿ ಬಂತು. ಮೂರಕ್ಕೆ ಬೆಳಕು ನೆಲದ ಮೇಲೆ ಉದ್ದಕ್ಕೆ ಎಳೆದಂತೆ ಬಿದ್ದಿರುತ್ತಿತ್ತು. ಸೂರ್ಯ ಇಳಿದಂತೆ ಅದು ಗೋಡೆಯತ್ತ ಸರಿದು, ಗೋಡೆ ಹತ್ತಿ, ಗುಂಡಗಾಗುತ್ತ ಮೇಲೇರುತ್ತಿತ್ತು. ಎರಡು ನಿಮಿಷ ದಾಟುವಷ್ಟರಲ್ಲಿ ತನ್ನಷ್ಟೇ ಅಗಲದ ಜಾಗ ದಾಟಿರುತ್ತಿತ್ತು. ಕಣ್ಣೆದುರಿಗೇ ನಡೆಯುವ ಈ ಚಲನೆಯನ್ನು ಆರಾಮಾಗಿದ್ದಾಗ ನಾನು ಒಮ್ಮೆಯೂ ಗಮನಿಸಿದ್ದಿಲ್ಲ. ಅವಳು ಗೋಡೆಗೆ ಬಿಳಿ ಹಾಳೆ ಅಂಟಿಸಿದಳು. ಸರಿಯಾಗಿ ನಾಲ್ಕೂವರೆಗೆ ನಾನು ಮಂಚದಿಂದಲೇ ‘ಈಗ’ ಎನ್ನಬೇಕು, ಅವಳು ಬಿಂಬದ ಸುತ್ತ ಪೆನ್ಸಿಲ್ ಎಳೆದು ತಾರೀಕು ಬರೆಯಬೇಕು. ಮೋಡವಿದ್ದ ದಿನ ತಾರೀಕಿನ ಮುಂದೆ ‘ಮೋಡ’ ಎಂದು ಬರೆಯುತ್ತಿದ್ದಳು. ಬಿಟ್ಟುಬಿಡೋಣ ಎಂದರೆ ಕೇಳುತ್ತಿರಲಿಲ್ಲ.

ಅದು ಮಾರ್ಚ್ ತಿಂಗಳು. ಹಗಲು ಇರುಳು ಸಮವಾಗುವ ಆ ದಿನಗಳಲ್ಲಿ ಸೂರ್ಯ ಅತಿ ವೇಗವಾಗಿ, ದಿನಕ್ಕೆ ಸುಮಾರು 0.4 ಡಿಗ್ರಿಯಷ್ಟು, ಉತ್ತರಕ್ಕೆ ಸರಿಯುತ್ತಾನೆ. ನಮ್ಮ ಹಾಳೆಯ ಮೇಲೆ ಅದು ದಿನಕ್ಕೆ ಎರಡು ಸೆಂಟಿಮೀಟರಿಗೂ ಹೆಚ್ಚು. ಒಂದೇ ವಾರದಲ್ಲಿ ವೃತ್ತಗಳು ಒಂದರ ಅಂಚನ್ನೊಂದು ತುಳಿಯುತ್ತ ಬಲಕ್ಕೆ ಸಾಗಿದವು, ಹಾಳೆ ಸಾಲದೆ ಪಕ್ಕಕ್ಕೆ ಇನ್ನೊಂದು ಅಂಟಿಸಬೇಕಾಯಿತು. ಪ್ಲಾಸ್ಟರ್ ಒಳಗೆ ಏನಾಗುತ್ತಿದೆ ಎಂದು ನನಗೆ ಕಾಣುತ್ತಿರಲಿಲ್ಲ. ಆದರೆ ದಿನ ಹೋಗುತ್ತಿರುವುದು ಎದುರಿಗೆ ಕಾಣುತ್ತಿತ್ತು, ನಾನು ಹಿಡಿದುಕೊಂಡಿದ್ದು ಅದನ್ನೇ. ಸಂಜೆ ಅಮ್ಮ ಕೇಳಿದರೆ ಹೇಳಲು ಸುದ್ದಿಯೂ ಇತ್ತು.

ಪ್ಲಾಸ್ಟರ್ ತೆಗೆದ ದಿನ ಕಾಲು ನೋಡಿ ಎದೆ ಧಸಕ್ಕೆಂದಿತು. ಚರ್ಮ ಒಣಗಿ ಹೊಪ್ಪಳೆ ಏಳುತ್ತಿತ್ತು, ಮೀನಖಂಡ ಸೊರಗಿತ್ತು. ಆಡಿಸದೆ ಇಟ್ಟ ಸ್ನಾಯು ಕೆಲವೇ ದಿನಗಳಲ್ಲಿ ಕರಗತೊಡಗುತ್ತದೆ, ಮತ್ತೆ ತುಂಬಿಕೊಳ್ಳಲು ಅದಕ್ಕಿಂತ ಹೆಚ್ಚು ಕಾಲ ಬೇಕು ಎಂದು ಫಿಸಿಯೋಥೆರಪಿಸ್ಟ್ ಸಮಾಧಾನ ಹೇಳಿದರು. ಅವರ ವ್ಯಾಯಾಮಗಳನ್ನೂ ಅದೇ ಮೂರರಿಂದ ಐದರ ಹೊತ್ತಿಗೇ ಇಟ್ಟುಕೊಂಡೆ.

ಈಗ ಪರಿಚಯದವರು ಯಾರಾದರೂ ಹಾಸಿಗೆ ಹಿಡಿದರೆ, ಹೇಗಿದ್ದೀರಿ ಎಂದು ಕೇಳಿದ ಮೇಲೆ, ದಿನದಲ್ಲಿ ಯಾವ ಹೊತ್ತು ಕಷ್ಟ ಎಂದೂ ಕೇಳುತ್ತೇನೆ. ಬೆನ್ನಿನ ಆಪರೇಷನ್ ಆಗಿ ಮಲಗಿರುವ ಸಹೋದ್ಯೋಗಿಯೊಬ್ಬರು ತಡಮಾಡದೆ ‘ಬೆಳಿಗ್ಗೆ ಹನ್ನೊಂದು’ ಎಂದರು. ಹನ್ನೊಂದಕ್ಕೆ ಫೋನ್ ಮಾಡುತ್ತೇನೆ. ನಾನು ಆಫೀಸಿನ ಸುದ್ದಿ ಹೇಳುತ್ತೇನೆ, ಅವರು ಆ ದಿನ ಎಷ್ಟು ಹೆಜ್ಜೆ ನಡೆದೆ ಎಂದು ಹೇಳುತ್ತಾರೆ.